ಬಸವಣ್ಣನವರ ಬೆಳ್ಳಿ ನಾಣ್ಯ

ಇಳಕಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಬಸವಣ್ಣನವರ ನೂರು ರೂಪಾಯಿಯ ನಾಣ್ಯ ಕೊಡಬೇಕೆಂದಿದ್ದ. “ಅಪ್ಪಟ ಬೆಳ್ಳಿ ಅಂತಾರ್ರೀ ಸರ್, ನಂಬಬಹುದೇನ್ರೀ?” ಎಂದು ಕೇಳಿದ. ಅಪ್ಪಟ ಬೆಳ್ಳಿಯಾಗಿದ್ದರೆ ಅದು ಆ ನಾಣ್ಯವೇ ಅಲ್ಲ ಎಂದೆ.

ಭಾರತ ಸರ್ಕಾರವು 2006ರಲ್ಲಿ ಮಹಾತ್ಮ ಬಸವೇಶ್ವರರ ಸ್ಮರಣೆಗೆ 5 ಮತ್ತು 100 ರೂಪಾಯಿಯ ನಾಣ್ಯಗಳನ್ನು ಹೊರತಂದಿತು. ಅವರು ಐಕ್ಯರಾದ ಕೂಡಲಸಂಗಮ ನಮ್ಮ ಹುನಗುಂದದ ಸೀಮೆಯದೇ. ಆದ್ದರಿಂದ ಇತ್ತ ಕಡೆ ಈ ನಾಣ್ಯದ ಮೇಲೆ ಮಮತೆ ಹೆಚ್ಚು. 5 ರೂಪಾಯಿಯದರಲ್ಲಿ ಬೆಳ್ಳಿಯಿಲ್ಲ. 100 ರೂಪಾಯಿಯದು 35 ಗ್ರಾಂ ತೂಕ, 44 ಮಿಲಿಮೀಟರ್ ವ್ಯಾಸ. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ, ಎಂದರೆ 17.5 ಗ್ರಾಂ, ಉಳಿದದ್ದು ತಾಮ್ರ, ನಿಕ್ಕಲ್, ಸತು.

ಅಂಗಡಿಯ ಲಕ್ಷ್ಮಿಯ ಬಿಲ್ಲೆ ಶುದ್ಧ ಬೆಳ್ಳಿಯದಾಗಿರಬಹುದು. ಆದರೂ ಅದು ನಾಣ್ಯವಲ್ಲ. ನಾಣ್ಯ ಟಂಕಿಸುವ ಅಧಿಕಾರ ಸರ್ಕಾರದ್ದು.

ಆದ್ದರಿಂದ ಕೊಳ್ಳುವ ಮುನ್ನ ಪರಿಚಿತ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿರಿ, ಅಗಲ ಅಳೆಯಿರಿ. ಕೇಳಿದ ಬೆಲೆಯಲ್ಲಿ ಬೆಳ್ಳಿಯದೆಷ್ಟು, ಸಂಗ್ರಹಕಾರರ ಮೋಹದ್ದೆಷ್ಟು ಎಂದು ಬೇರೆ ಬೇರೆ ಲೆಕ್ಕ ಹಾಕಿರಿ. ಬರಿಯ ಬೆಳ್ಳಿ ಬೇಕಾದವರಿಗೆ ಹಾಲ್‌ಮಾರ್ಕಿನ ಬಿಲ್ಲೆಯೇ ಲೇಸು. ನೆನಪು ಬೇಕಾದವರಿಗೆ ನಾಣ್ಯ. ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು ಬಸವಣ್ಣನವರು. ಅವರ ಹೆಸರಿನ ನಾಣ್ಯವನ್ನು ಲೆಕ್ಕ ನೋಡದೆ ಕೊಳ್ಳುವುದು ತರವಲ್ಲ.