ಚರ್ಮ ಹೊಲಿಯುವ ಯಂತ್ರ ಹುಡುಕುತ್ತಾ



ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಹುಟ್ಟಿ ಬೆಳೆದ ನಿಮಗೆ ಈ ಊರುಗಳೆಂದರೆ ಬೆಳಗಿನ ಲೋಕಲ್ ಗಾಡಿ, ಸಂಜೆಯ ನೂಕುನುಗ್ಗಲು, ನಡುವೆ ಕಾಲೇಜು ಅಥವಾ ಆಫೀಸು. ನಿಲ್ದಾಣದಿಂದ ಹತ್ತು ಮಿನಿಟು ಒಳಗೆ ನಡೆದರೆ ಅಲ್ಲಿ ಏನು ತಯಾರಾಗುತ್ತದೆ, ಯಾರ ಕೈಯಿಂದ ತಯಾರಾಗುತ್ತದೆ ಎಂದು ನೋಡಲು ನಮಗೆ ಪುರುಸೊತ್ತು ಎಲ್ಲಿದೆ? ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಹೊಲಿಗೆ ಯಂತ್ರದ ನೆಪದಲ್ಲಿ ನನಗೆ ಆ ಪುರುಸೊತ್ತು ಒದಗಿ ಬಂತು. ನಿಮ್ಮಲ್ಲಿ ಯಾರಾದರೂ ಸ್ವಂತ ಕೈಕೆಲಸದ ಉದ್ಯೋಗ ಮಾಡುವ ಆಲೋಚನೆಯಲ್ಲಿದ್ದರೆ ನಾನು ಕಂಡದ್ದು ಉಪಯೋಗಕ್ಕೆ ಬಂದೀತು.

ಯಂತ್ರ ಬೇಕಾಗಿದ್ದುದು ನನಗಲ್ಲ, ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗಿಗೆ. ಅವಳ ಅಜ್ಜ ಅಥಣಿಯ ಕಡೆ ಚಪ್ಪಲಿ ಮಾಡುತ್ತಿದ್ದವರು. ತಂದೆ ಕಾರ್ಖಾನೆಯ ನೌಕರಿಗೆಂದು ಇಲ್ಲಿಗೆ ಬಂದು, ಆ ಕಸುಬಿನ ಹೆಸರನ್ನೂ ಮನೆಯಲ್ಲಿ ಎತ್ತದೆ ಮಕ್ಕಳನ್ನು ಓದಿಸಿದರು. ಏಕೆ ಎತ್ತಲಿಲ್ಲ ಎಂದು ಬಿಡಿಸಿ ಹೇಳಬೇಕೇ? ಚಪ್ಪಲಿ ಬೇಕು, ಅದನ್ನು ಮಾಡಿದವನ ಕೈಯ ನೀರು ಬೇಡ ಎಂದ ಸಮಾಜ ನಮ್ಮದು. ಮಗಳು ಬಿ.ಕಾಂ. ಮುಗಿಸಿ, ಎರಡು ವರ್ಷ ನೌಕರಿಯನ್ನೂ ಮಾಡಿ, ತರಬೇತಿ ಪಡೆದು, ಕೈಯಿಂದಲೇ ಚರ್ಮದ ಬ್ಯಾಗು ಹೊಲಿದು ಮಾರಲು ಶುರು ಮಾಡಿದಳು. ಕೈ ಸಾಲದಷ್ಟು ಬೇಡಿಕೆ ಬಂದಾಗ ಯಂತ್ರದ ಮಾತು ಬಂತು. ದುಡ್ಡು ತಂದೆಯ ನಿವೃತ್ತಿಯದು.

“ಅಕ್ಕಾರ, ಈ ಕೆಲಸ ಬಿಡಪಾ ಅಂತ ನಮ್ಮಪ್ಪ ನನ್ನ ಮುಂಬಯಿಗೆ ಕಳಿಸಿದ. ಈಗ ನನ್ನ ಫಂಡಿನ ರೊಕ್ಕಾ ತಗೊಂಡು ಇಕಿ ಮತ್ತ ಅದಕ್ಕ ಹೊಂಟಾಳ” ಎಂದರು ಅವರು. ದುಡ್ಡು ಕೊಡುವುದಿಲ್ಲ ಎನ್ನಲಿಲ್ಲ. “ನೀವು ಹೊಲಿಗಿ ಬಲ್ಲವರು, ಸಂಗಡ ಹೋಗ್ರಿ” ಎಂದಷ್ಟೇ ಕೇಳಿಕೊಂಡರು. ಅಂಗಡಿಗೆ ತಾವು ಮಾತ್ರ ಬರಲೊಲ್ಲರು.

ನಿಮಗೆ ಗೊತ್ತಿರಲಿ, ‘ಕೊಲ್ಹಾಪುರಿ’ ಎಂದು ನಾವು ಕೊಳ್ಳುವ ಚಪ್ಪಲಿ ಕೊಲ್ಹಾಪುರದ್ದು ಮಾತ್ರವಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳನ್ನೂ ಸೇರಿಸಲಾಯಿತು. ಅಥಣಿ, ನಿಪ್ಪಾಣಿಗಳ ಕೈಗಳು ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ತರಹದ ಚಪ್ಪಲಿ ತೋರಿಸಿ ಗದ್ದಲವಾದಾಗ ಟೀವಿಯ ಮುಂದೆ ಕುಳಿತಿದ್ದ ಈ ತಂದೆ ಒಂದು ಮಾತೂ ಆಡಲಿಲ್ಲವಂತೆ. ನಮ್ಮ ಈ ಕಲ್ಯಾಣ ಬೇರೆ, ಬೀದರಿನ ಕಡೆಯ ಬಸವಣ್ಣನವರ ಕಲ್ಯಾಣ ಬೇರೆ. ಆದರೂ ಹೆಸರು ಕೇಳಿದಾಗಲೆಲ್ಲ ನನಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂದು ಹೇಳುವ ಶರಣ ಹರಳಯ್ಯನವರ ನೆನಪಾಗುತ್ತದೆ. ಆ ಕಥೆಗೆ ಕೈಮುಗಿಯುತ್ತೇವೆ. ಮೂರನೆಯ ಮಾಳಿಗೆಯ ಮನೆಯಲ್ಲಿ ಚಹಾ ಕುಡಿಯಲು ಎಷ್ಟು ಜನ ಹೋಗಿದ್ದೇವೆ?

ಇರಲಿ, ಯಂತ್ರಕ್ಕೆ ಬರೋಣ. ಮೊದಲು ಹೋದದ್ದು ಧಾರಾವಿಗೆ, ಚರ್ಮಕ್ಕಾಗಿ. ಡೊಂಬಿವಲಿಯ ಫಾಸ್ಟ್ ಗಾಡಿ ಸಾಯನ್‌ನಲ್ಲಿ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ಚರ್ಮವನ್ನು ಅಲ್ಲಿ ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಎಮ್ಮೆಯದು ದಪ್ಪ, ಆಡು ಕುರಿಗಳದು ತೆಳು. ಹುಡುಗಿ ತನ್ನ ಬ್ಯಾಗಿಗೆ ಬಳಸುವ ಮಾಲಿನ ತುಂಡುಗಳನ್ನು ಚೀಲ ತುಂಬ ಕಟ್ಟಿಸಿಕೊಂಡಳು. ಯಾವ ಅಂಗಡಿಗೆ ಹೋದರೂ ಈ ಚೀಲ ನಮ್ಮ ಜೊತೆಗಿರುತ್ತಿತ್ತು. ಇದು ಅವಳದೇ ಬುದ್ಧಿ. ಅಂಗಡಿಯವರು ತೋರಿಸಲು ಇಟ್ಟುಕೊಂಡಿರುವ ತುಂಡಿನ ಮೇಲೆ ಎಲ್ಲ ಯಂತ್ರಗಳೂ ಮುತ್ತು ಪೋಣಿಸಿದಂತೆ ಹೊಲಿಯುತ್ತವೆ.

ಮನೆಯ ಯಂತ್ರ ಏಕೆ ಸಾಲದು? ನನ್ನ ಹಳೆಯ ಉಷಾ ಯಂತ್ರದ ಸೂಜಿ ಎರಡು ಪದರ ಚರ್ಮವನ್ನು ಹೇಗೋ ಚುಚ್ಚುತ್ತದೆ. ಆದರೆ ಬಟ್ಟೆಯನ್ನು ಮುಂದೆ ಸರಿಸುವ ಹಲ್ಲು ಕೆಳಗಡೆ ಮಾತ್ರ ಇರುತ್ತದೆ. ಚರ್ಮ ಜಾರುವುದಿಲ್ಲ, ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಪ್ರೆಸರ್ ಫುಟ್‌ಗೆ ಅಂಟಿ ಹಿಂದೆ ಉಳಿಯುತ್ತದೆ. ಬ್ಯಾಗಿನ ಮೂಲೆಯಲ್ಲಿ ಮಡಿಕೆಯೆಲ್ಲ ಸೇರಿ ದಪ್ಪ ಏಳೆಂಟು ಮಿಲಿಮೀಟರ್ ಆದರಂತೂ ಕಥೆ ಮುಗಿಯಿತು. ಡಬ್ಬಿಯ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದ ಮನೆಬಳಕೆಯ ಯಂತ್ರಗಳಲ್ಲಿ ನಾವು ನೋಡಿದವೂ ಇದೇ ಜಾತಿಯವು. ಚರ್ಮಕ್ಕೆ ಬೇಕಾದದ್ದು ವಾಕಿಂಗ್ ಫುಟ್, ಅದರಲ್ಲೂ ಸೂಜಿ, ಕೆಳಗಿನ ಹಲ್ಲು, ಮೇಲಿನ ಪಾದ ಮೂರೂ ಒಟ್ಟಿಗೆ ಹೆಜ್ಜೆ ಹಾಕುವ ಯಂತ್ರ. ಜೂಕಿಯ ಡಿಎನ್‌ಯು-1541 ಅಂಥದ್ದು. ಅದೇ ಕ್ರಮದಲ್ಲಿ ಬೇರೆ ಕಂಪನಿಗಳೂ ಮಾಡುತ್ತವೆ.

ಕಲ್ಯಾಣ ನಿಲ್ದಾಣದ ಹೊರಗೆ ಬ್ಯಾಗು ರಿಪೇರಿ ಮಾಡುವ ಒಬ್ಬರ ಬಳಿ ಕೈಯಿಂದ ತಿರುಗಿಸುವ ಪ್ಯಾಚಿಂಗ್ ಯಂತ್ರ ಕಂಡೆವು. ಅದರ ಪಾದವನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು, ಬೂಟಿನ ಒಳಗೂ ತೂರಿಸಬಹುದು. ಬೆಲೆಯೂ ಕಡಿಮೆ. ಅದನ್ನೇ ಕೊಳ್ಳೋಣವೇ ಎಂದು ಹುಡುಗಿ ಕೇಳಿದಾಗ ಅವರೇ ಬೇಡವೆಂದರು. ಬಾಬಿನ್ ಸಣ್ಣದು, ಉದ್ದ ಹೊಲಿಗೆ ನೇರ ಬರುವುದಿಲ್ಲ, ಇದು ರಿಪೇರಿಗೆ ಸರಿ, ಹೊಸ ಮಾಲಿಗಲ್ಲ ಎಂದು ತಮ್ಮ ಯಂತ್ರದ ಕೊರತೆಯನ್ನು ತಾವೇ ಬಿಚ್ಚಿಟ್ಟರು. ಹೊರಡುವಾಗ ಹಿಂದಿಯಲ್ಲಿ ಒಂದು ಮಾತು ಸೇರಿಸಿದರು: ಯಂತ್ರ ನಿಂತ ದಿನ ಬರುವವನು ಯಾರು ಎಂದು ಮೊದಲು ಕೇಳು, ಬೆಲೆ ಆಮೇಲೆ.

ಅಲ್ಲಿಂದ ಮುಂದೆ ಉಲ್ಲಾಸನಗರ. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿದ ಸೈನಿಕ ಶಿಬಿರ ಅದು, 1949ರಲ್ಲಿ ಊರಾಯಿತು. ಇಂದಿಗೂ ಅಲ್ಲಿ ವಿಳಾಸ ಹೇಳುವುದು ಕ್ಯಾಂಪ್ ನಂಬರಿನಿಂದ. ಜೀನ್ಸ್ ಹೊಲಿಯುವ ಊರಾದ್ದರಿಂದ ಹಳೆಯ ಯಂತ್ರಗಳು ಸಾಲುಸಾಲು. ಜೀನ್ಸ್ ಹೊಲಿದದ್ದು ಚರ್ಮವನ್ನೂ ಹೊಲಿಯುತ್ತದೆ ಎಂದು ಒಬ್ಬ ವ್ಯಾಪಾರಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದ. ನಮ್ಮ ಚೀಲ ಬಿಚ್ಚಿದೆವು. ಹತ್ತು ಹೊಲಿಗೆಗೆ ಮೇಲಿನ ಪದರ ವಕ್ರವಾಯಿತು. ಅಷ್ಟೇ ಅಲ್ಲ, ಅದರ ಕ್ಲಚ್ ಮೋಟಾರು ಸ್ವಿಚ್ ಹಾಕಿದೊಡನೆ ಗುರ್ ಎಂದು ತಿರುಗುತ್ತಲೇ ಇರುತ್ತದೆ. ಪೆಡಲ್ ಮುಟ್ಟಿದರೆ ಯಂತ್ರ ಕುದುರೆಯಂತೆ ನೆಗೆಯುತ್ತದೆ. ಕಲಿಯುವವರಿಗೆ ಸರ್ವೋ ಮೋಟಾರೇ ಒಳ್ಳೆಯದು. ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗ ತಗ್ಗಿಸಿ ಒಂದೊಂದೇ ಹೊಲಿಗೆ ಹಾಕಬಹುದು, ಕೆಳಗಿನ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಥಾಣೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಐಸಾಕ್ ಸಿಂಗರ್ ಹೊಲಿಗೆ ಯಂತ್ರದ ಪೇಟೆಂಟ್ ಪಡೆದದ್ದು 1851ರಲ್ಲಿ, ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಎರಡೂ ಒಂದೇ ಕಾಲದ ಮಕ್ಕಳು. ಆ ಊರಿನ ಒಂದು ಮಳಿಗೆಯಲ್ಲಿ ಹವಾನಿಯಂತ್ರಣ, ಗಾಜಿನ ಬಾಗಿಲು, ಹೊಳೆಯುವ ಯಂತ್ರಗಳು ಎಲ್ಲವೂ ಇದ್ದವು. ಮಾರಾಟಗಾರ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ನನಗೆ ಹೇಳುತ್ತಿದ್ದ, ನನ್ನ ಪ್ರಶ್ನೆಗೆ ‘ಸಾಹೇಬರನ್ನು ಕರೆದುಕೊಂಡು ಬನ್ನಿ’ ಎಂದ. ನಮ್ಮ ಚರ್ಮ ಹೊಲಿದು ನೋಡಲು ಬಿಡಲಿಲ್ಲ, ಹೊಸ ಯಂತ್ರ ಕೊಳೆಯಾಗುತ್ತದಂತೆ! ಎದ್ದು ಬಂದೆವು.

ಥಾಣೆಯಿಂದ ವಾಶಿಯ ಕಡೆಯ ಗಾಡಿ ಹಿಡಿದರೆ ಐರೋಲಿ, ರಬಾಳೆ, ಘನ್ಸೋಲಿ ದಾಟಿ ತುರ್ಭೆ. ಈ ಮಾರ್ಗ 2004ರಲ್ಲಿ ಬಂದದ್ದು, ಅದಕ್ಕೆ ಮೊದಲು ನವಿಮುಂಬಯಿಯ ನೆಂಟರ ಮನೆಗೆ ಹೋಗುವುದೆಂದರೆ ಬಸ್ಸಿನ ಪ್ರಯಾಸ. ಹಳಿಯ ಪಕ್ಕದಲ್ಲೇ ಉದ್ದಕ್ಕೂ ಕೈಗಾರಿಕಾ ವಸಾಹತು. ಅಲ್ಲಿ ಒಂದು ಗಾಲಾದಲ್ಲಿ, ಎಣ್ಣೆಯ ವಾಸನೆಯ ನಡುವೆ, ನಮಗೆ ಬೇಕಾದ ವ್ಯಾಪಾರಿ ಸಿಕ್ಕರು. ಅವರು ಬೆಲೆಯ ಮಾತೆತ್ತದೆ, ಏನು ಹೊಲಿಯುತ್ತೀಯಮ್ಮಾ, ಎಷ್ಟು ದಪ್ಪ, ದಿನಕ್ಕೆ ಎಷ್ಟು ಎಂದು ಮರಾಠಿಯಲ್ಲಿ ವಿಚಾರಿಸಿದರು. ಚೀಲದ ತುಂಡುಗಳನ್ನು ಮೇಜಿನ ಮೇಲೆ ಸುರಿಸಿಕೊಂಡು ಹುಡುಗಿಯನ್ನೇ ಯಂತ್ರದ ಮುಂದೆ ಕೂರಿಸಿದರು. ದಪ್ಪದಿಂದ ತೆಳುವಿಗೆ, ತೆಳುವಿನಿಂದ ದಪ್ಪಕ್ಕೆ ಹೊಲಿಯಲು ಹೇಳಿ, ತುಂಡನ್ನು ಮಗುಚಿ ಹಿಂಬದಿಯನ್ನು ತೋರಿಸಿದರು; ಯಂತ್ರದ ಗುಣ ತಿಳಿಯುವುದು ಅಲ್ಲಿಯೇ. ಕೊಳವೆಯಂಥ ತೋಳಿರುವ ಸಿಲಿಂಡರ್ ಯಂತ್ರ ಇನ್ನೂ ದುಬಾರಿ, ನಿನ್ನ ಚಪ್ಪಟೆ ಬ್ಯಾಗಿಗೆ ಈಗ ಬೇಡ ಎಂದು ತಾವೇ ತಡೆದರು. ಸೂಜಿಯಲ್ಲಿ 135×17 ಬಟ್ಟೆಗೆ, 135×16 ಚರ್ಮಕ್ಕೆ, ಅದರ ತುದಿ ಕತ್ತರಿಸುತ್ತಾ ಇಳಿಯುತ್ತದೆ ಎಂದು ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದರು. ಹೊಲಿಗೆ ತೀರ ಒತ್ತಾಗಿ ಹಾಕಿದರೆ ಅಂಚೆಚೀಟಿಯಂತೆ ರಂಧ್ರದ ಸಾಲಿನಲ್ಲೇ ಚರ್ಮ ಹರಿಯುತ್ತದೆ ಎಂಬುದನ್ನೂ ಅಲ್ಲೇ ಕಲಿತೆ.

ಕಲ್ಯಾಣದವರು ಹೇಳಿಕೊಟ್ಟ ಪ್ರಶ್ನೆ ಕೇಳಿದೆವು. ಮೆಕ್ಯಾನಿಕ್ ಇರುವುದು ಡೊಂಬಿವಲಿ ಪೂರ್ವದಲ್ಲೇ, ಸಂಜೆ ಮನೆಗೆ ಹೋಗುವಾಗ ಬಂದು ಹೋಗುತ್ತಾನೆ ಎಂದರು. ಬಾಬಿನ್, ಪ್ರೆಸರ್ ಫುಟ್, ಬಿಡಿಭಾಗಗಳ ಪೆಟ್ಟಿಗೆ ತೆರೆದು ತೋರಿಸಿದರು. ಇವತ್ತೇ ಮುಂಗಡ ಕೊಡಬೇಡಿ, ಹೊಲಿದ ತುಂಡು ಮನೆಗೆ ಒಯ್ದು ಎಳೆದು ನೋಡಿ ಎಂದು ಕಳಿಸಿದರು. ಎರಡನೆಯ ಸಲ ಹೋದಾಗ ಕೊಂಡೆವು. ಬಿಲ್ಲಿನಲ್ಲಿ ಯಂತ್ರದ ನಂಬರು, ಮೋಟಾರಿನ ಗ್ಯಾರಂಟಿ ಎರಡನ್ನೂ ಬರೆಸಿಕೊಳ್ಳಿ. ನೀವು ಮರಾಠಿಯನ್ನು ನಮಗಿಂತ ಚೆನ್ನಾಗಿ ಆಡುತ್ತೀರಿ, ಸಂಕೋಚ ಬೇಡ.

ಯಂತ್ರದ ತಲೆಯನ್ನೂ ಮೇಜನ್ನೂ ಬೇರೆ ಮಾಡಿ ಮೂರು ಮಾಳಿಗೆ ಹೊತ್ತರು. ಮೆಕ್ಯಾನಿಕ್ ಜೋಡಿಸುವಷ್ಟು ಹೊತ್ತೂ ತಂದೆ ಬಾಲ್ಕನಿಯಲ್ಲಿ ಪೇಪರು ಹಿಡಿದು ನಿಂತಿದ್ದರು. ಬ್ಯಾಗಿನ ಮೂಲೆಯ ಮಡಿಕೆಯಲ್ಲಿ ಹೊಲಿಗೆ ತಪ್ಪಿತು. ಯಂತ್ರದ ದೋಷವಲ್ಲ, ಅಂಚನ್ನು ಹೆರೆದು ತೆಳು ಮಾಡಬೇಕು ಎಂದ ಮೆಕ್ಯಾನಿಕ್. ಹುಡುಗಿಯ ಹೊಸ ಚಾಕು ಚರ್ಮವನ್ನು ಹರಿಯಿತು. ಆಗ ಅವರು ಒಳಗೆ ಬಂದು, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ರಂಪಿಗೆಯನ್ನು ತೆಗೆದರು. ಅದು ಮನೆಯಲ್ಲಿದೆ ಎಂದು ಹೆಂಡತಿಗೂ ಗೊತ್ತಿರಲಿಲ್ಲ.

“ಅಕ್ಕಾರ, ನಿಮ್ಮ ಮನ್ಯಾಗ ಸಾಣಿಕಲ್ಲ ಐತೇನ್ರಿ?” ಎಂದು ಕೇಳಿದರು. ಇತ್ತು, ತಂದುಕೊಟ್ಟೆ.

ಈಗ ಅಂಚು ಹೆರೆಯುವ ಕೆಲಸವೆಲ್ಲ ಅವರದೇ. ಮಗಳು ಅವರ ಕೂಲಿಯನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ, ಅವರು ತೆಗೆದುಕೊಳ್ಳುವುದಿಲ್ಲ.