ಪ್ರೀತಿ ಬರೆಯೋದೂ ಚಳವಳಿನೇ

“ಹೋರಾಟ ಬಿಟ್ಟು ಲವ್ ಸ್ಟೋರಿ ಬರೀತಿದ್ದೀರಂತಲ್ಲ ಅಕ್ಕಾ?” ಅಂತ ಕೆಲವರು ಕೇಳಿದ್ರಿ. ಹೋರಾಟ ಬಿಟ್ಟಿಲ್ಲ. ಕಾದಂಬರಿ ಬರೀತಿರೋದು ನಿಜ, ನನ್ನ ಮೊದಲನೇದು.

ಬರೆಯೋದು ಬೆಳಗಿನ ನಾಲ್ಕೂವರೆಗೆ, ನಲ್ಲಿ ನೀರು ಬರೋ ಮೊದಲು. ಆಮೇಲೆ ಮಕ್ಕಳ ಡಬ್ಬಿ, ಬಸ್ಸು, ಆಫೀಸಿನ ಫೈಲು, ಸಂಜೆ ಸಭೆ. ನಮ್ಮ ಮನೆಯವರು ಮೊದಮೊದಲು ಗೊಣಗಿದ್ರು. ಈಗ ಭಾನುವಾರದ ಅಡುಗೆ ಅವರದು. ಸಾರಿಗೆ ಉಪ್ಪು ಜಾಸ್ತಿ, ಆದ್ರೆ ಎರಡು ಗಂಟೆ ನನ್ನದು.

ಯಾಕಿಷ್ಟು ಕಷ್ಟ? ನಮ್ಮವರು ಜಾತಿ ಮೀರಿ ಪ್ರೀತಿಸಿದ್ರೆ ಕಥೆಯಲ್ಲೂ ಸಾಯ್ತಾರೆ, ಪೇಪರಿನಲ್ಲೂ ಸಾಯ್ತಾರೆ. ದೇವನೂರರ ‘ಕುಸುಮಬಾಲೆ’ಯ ಚನ್ನನನ್ನೂ ಕೊಂದರು. ಆ ಸತ್ಯ ಬರೆಯಲೇಬೇಕು. ಆದರೆ 1936ರಲ್ಲೇ ಬಾಬಾಸಾಹೇಬರು ಜಾತಿಗೆ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂದಿದ್ರು. ಮದ್ದು ಕುಡಿದು ಬದುಕಿದವರ ಕಥೆಯೂ ಬೇಡವೇ? ತ್ರಿವೇಣಿಯವರನ್ನು ಓದಿ ಬೆಳೆದ ನನಗೆ, ಕೇರಿಯ ಹುಡುಗಿಯೂ ಮಲ್ಲಿಗೆ ಮುಡಿದು ನಾಯಕಿಯಾಗಬೇಕು ಅನ್ನೋ ಆಸೆ.

ಕರಡು ಓದಿದ ಮಗಳು, “ಅಮ್ಮಾ, ಕೊನೇಲಿ ಇವರನ್ನ ಕೊಲ್ಲಬೇಡ” ಅಂದ್ಲು. ಹದಿನಾರು ವರ್ಷದ ಹುಡುಗಿಗೆ ಆ ಭಯ ಈಗಲೇ ಇದೆ.

ಕೊಲ್ಲಲ್ಲ. ಜಾತಿ ಮೀರಿ ಮದುವೆಯಾಗಿ ಚೆನ್ನಾಗಿ ಬಾಳ್ತಿರೋರು ನಿಮ್ಮೂರಲ್ಲಿದ್ರೆ, ಹೆಸರು ಬೇಡ, ಕಥೆ ಮಾತ್ರ ನನಗೆ ಹೇಳಿ.