ನೌಪಾಡಾದ ಚಳಿ ಮತ್ತು ನಮ್ಮ ಮಲ್ಲಿಗೆ

ನೌಪಾಡಾದಲ್ಲಿ ಚಳಿ ಅಂದರೆ ಯಾರಾದರೂ ನಕ್ಕಾರು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹದಿನೈದು-ಹದಿನಾರು ಡಿಗ್ರಿಗೆ ಇಳಿದರೆ ಇಲ್ಲಿ ಸ್ವೆಟರ್ ಹೊರಗೆ ಬರುತ್ತದೆ, ಅಷ್ಟೇ. ಚಿಕಾಗೋದಲ್ಲಿರುವ ನಾದಿನಿ ಗುಲಾಬಿಯ ಬುಡಕ್ಕೆ ಮಣ್ಣು ಏರಿಸಿ, ಒಣ ಎಲೆ ಹೊದಿಸುತ್ತಾಳಂತೆ. ಅಲ್ಲಿ ಮಣ್ಣೊಳಗಿನ ನೀರೇ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಗಿಡಗಳನ್ನು ಕಾಡುವುದು ಒಣಗಾಳಿ ಮತ್ತು ಧೂಳು. ಬೆಳಿಗ್ಗೆ ಎಲೆ ತೊಳೆದರೇ ದಾಸವಾಳಕ್ಕೆ ಅರ್ಧ ಜೀವ ಬರುತ್ತದೆ. ಕುಡಿಗೆ ಮೆತ್ತಿಕೊಳ್ಳುವ ಬಿಳಿ ಹಿಟ್ಟಿನಂಥ ಹುಳಕ್ಕೆ ಬೇವಿನೆಣ್ಣೆ, ಸೋಪಿನ ನೀರು ಬೆರೆಸಿ ಹೊಡೆಯಿರಿ. ಇರುವೆಯನ್ನೂ ಓಡಿಸಿ, ಸಿಹಿಯ ಆಸೆಗೆ ಆ ಹುಳವನ್ನು ಕಾಯುವುದೇ ಅದು.

ಮಲ್ಲಿಗೆಯ ಕತೆ ಬೇರೆ. ಚಳಿಗೆ ಅದು ಸಾಯುವುದಿಲ್ಲ, ಮಲಗುತ್ತದೆ. ಎಲೆ ಹಳದಿಯಾಯಿತೆಂದು ನೀರು ಸುರಿಯುವವರೇ ಹೆಚ್ಚು. ನಾನು ಡಿಸೆಂಬರ್ ಮಧ್ಯದಿಂದ ನೀರು ಕಡಿಮೆ ಮಾಡಿ, ಜನವರಿಯಲ್ಲಿ ಒಂದೂವರೆ ಅಡಿ ಉಳಿಸಿ ಸವರಿ, ಉಳಿದ ಎಲೆಗಳನ್ನೂ ಕೀಳುತ್ತೇನೆ. ಬುಡ ಕೆದಕಿ ಹಟ್ಟಿಗೊಬ್ಬರ (ಇಲ್ಲಿ ಶೇಣಖತ ಅಂತ ಕೇಳಬೇಕು), ಆಮೇಲೆ ನೆನೆಸಿದ ಕಡ್ಲೆಹಿಂಡಿ. ಹೊಸ ಚಿಗುರಿನಲ್ಲೇ ಮೊಗ್ಗು ಬರುವುದು, ಅದಕ್ಕೇ ಈ ಕ್ರೌರ್ಯ!

ನಮ್ಮ ಗಿಡ ಶಂಕರಪುರದ ಕಡೆಯದು. ಆ ಮಲ್ಲಿಗೆಗೆ ಈಗ ‘ಉಡುಪಿ ಮಲ್ಲಿಗೆ’ ಅಂತ ಜಿಐ ಮಾನ್ಯತೆಯೂ ಇದೆ. ಊರಲ್ಲಿ ಮೊಳ ಹಾಕುವುದಿಲ್ಲ, ಚೆಂಡು, ಅಟ್ಟೆ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. 1998ರಲ್ಲಿ ಮತ್ಸ್ಯಗಂಧ ರೈಲು ಶುರುವಾದ ವರ್ಷ ಅಮ್ಮ ಬೇರು ಬಂದ ಗೆಲ್ಲೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬಿಲ್ಡಿಂಗಿನ ಹಿಂದೆ ನೆಟ್ಟದ್ದೂ ಅವಳೇ. ಪಕ್ಕದ ಕಾಕೂ ಅದನ್ನು ಮೋಗರಾ ಅನ್ನುತ್ತಾರೆ, ಅಮ್ಮ ಕೊನೆಯವರೆಗೂ ತಿದ್ದುತ್ತಲೇ ಇದ್ದಳು.

ಈಗ ನಮ್ಮ ಬಿಲ್ಡಿಂಗೂ ರೀಡೆವಲಪ್‌ಮೆಂಟಿಗೆ ಹೋಗಿದೆ. ಏಪ್ರಿಲ್ ಒಳಗೆ ಖಾಲಿ ಮಾಡಬೇಕು. ಗೆಲ್ಲು ನೆಡಲು ಮಳೆಗಾಲವೇ ಒಳ್ಳೆಯದು, ಆದರೆ ಆಗ ಇಲ್ಲಿ ಗುಂಡಿಯಷ್ಟೇ ಇರುತ್ತದೆ. ಹಾಗಾಗಿ ಗಿಡ ಮಲಗಿರುವಾಗಲೇ ಎತ್ತಬೇಕು. ಸವರಿದ್ದಾಗಿದೆ, ಬೇರು ಅರ್ಧ ತುಂಡಾದರೆ ಅಷ್ಟು ಎಲೆಗೆ ನೀರುಣಿಸುವವರು ಯಾರು? ಸುತ್ತ ಒಂದಡಿ ಬಿಟ್ಟು ಅಗೆದು, ಮಣ್ಣು ಒಡೆಯದಂತೆ ಗೋಣಿಯಲ್ಲಿ ಕಟ್ಟಿ, ತಳಕ್ಕೆ ತೂತು ಮಾಡಿದ ಅರ್ಧ ಡ್ರಮ್ಮಿಗೆ ಇಳಿಸುವುದು. ಎರಡು ವಾರ ನೆರಳು, ಆಮೇಲೆ ಬಿಸಿಲು. ಇಷ್ಟು ಹಳೆಯ ಬುಡ, ಬದುಕುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ಬಾಡಿಗೆ ಮನೆ ನೋಡುವಾಗ ಗ್ರಿಲ್ಲಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಏಜೆಂಟನನ್ನು ಕೇಳಿದೆ. ಅವನು ನಮ್ಮವರ ಮುಖ ನೋಡಿದ. ಅಂತೂ ಪೂರ್ವಕ್ಕೆ ಗ್ರಿಲ್ಲಿರುವ ಮನೆ ಸಿಕ್ಕಿದೆ, ಎರಡನೇ ಮಹಡಿ, ಲಿಫ್ಟಿಲ್ಲ. ಭಾನುವಾರ ಅಗೆಯುವುದು. ವಾಚ್‌ಮನ್ ಹಾರೆ ತರುತ್ತೇನೆ ಅಂದಿದ್ದಾನೆ.